ಗಾಜಿನ ಸುತ್ತಿನ ತುಕ್ಕು: ಹೂಗ್ಯಂ ಕಡೆಯ ಒಂದು ವ್ಯಾನು, ಒಂದಿಷ್ಟು ಚರಿತ್ರೆ

ಮೊದಲೇ ಹೇಳಿಬಿಡುತ್ತೇನೆ, ಈ ಬರಹ ತುಕ್ಕಿನ ಬಗ್ಗೆ. ಅದೂ ಹಳೇ ವ್ಯಾನಿನ ಮುಂದಿನ ಗಾಜಿನ ಸುತ್ತ, ಕಪ್ಪು ರಬ್ಬರ್ ಬೀಡಿಂಗಿನ ಕೆಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಹಿಡಿಯುವ ತುಕ್ಕಿನ ಬಗ್ಗೆ. ಕವಿತೆ, ಪ್ರವಾಸ, ಸಿನಿಮಾ ಅಂತ ಓದಲು ಬಂದವರಿಗೆ ನಿರಾಸೆ ಆಗಬಹುದು. ಆದರೆ ಸ್ವಲ್ಪ ತಾಳ್ಮೆಯಿಂದ ಓದಿ. ಈ ಎರಡಂಗುಲದ ತುಕ್ಕಿನ ಹಿಂದೆ ದೆಹಲಿಯ ಕಬ್ಬಿಣದ ಕಂಬ ಇದೆ, ಕೊಡಚಾದ್ರಿ ಇದೆ, ನಮ್ಮ ಕಾಡಿನ ಅಳಲೆಕಾಯಿ ಇದೆ, ಜರ್ಮನಿಯಿಂದ ಬಂದು ನಮ್ಮ ಹಳ್ಳಿಗಳ ಮಾತಿನಲ್ಲಿ ಸೇರಿಹೋದ ಮೆಟಡೋರ್ ಇದೆ. ರಾಜರ ಚರಿತ್ರೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ತುಕ್ಕಿನ ಚರಿತ್ರೆಯನ್ನು ನಮ್ಮಂಥವರೇ ಬರೆದುಕೊಳ್ಳಬೇಕು :)

ಊರಿನ ಬಗ್ಗೆ ಎರಡು ಮಾತು. ಹೂಗ್ಯಂ ನನ್ನ ತಾಯಿಯ ತವರು. ಚಾಮರಾಜನಗರ ಜಿಲ್ಲೆ, ಹನೂರು ತಾಲೂಕು. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಅಂಚು, ತಮಿಳುನಾಡು ಗಡಿಗೆ ಹತ್ತಿರ. ಈ ಊರು ತಾನಿದ್ದ ಜಾಗದಿಂದ ಒಂದಿಂಚೂ ಅಲುಗದೆ ಎಷ್ಟು ಕಚೇರಿಗಳಿಗೆ ಸೇರಿತು ನೋಡಿ. 1956ರ ಅಕ್ಟೋಬರ್ ಮುಗಿಯುವವರೆಗೂ ಇಡೀ ಕೊಳ್ಳೇಗಾಲ ತಾಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು, ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು. ಆಮೇಲೆ ಹನೂರು ಬೇರೆ ತಾಲೂಕಾಯಿತು. 2013ರಲ್ಲಿ ಸುತ್ತಲ ಕಾಡು ಮಲೆ ಮಹದೇಶ್ವರ ವನ್ಯಧಾಮವಾದಾಗ ಹೂಗ್ಯಂ ಅದರ ಒಂದು ವಲಯದ ಹೆಸರೂ ಆಯಿತು. ಊರಲ್ಲಿ ಕನ್ನಡವೂ ಉಂಟು, ತಮಿಳೂ ಉಂಟು. ನಾವು ತುಕ್ಕು ಅನ್ನುತ್ತೇವೆ, ಪಕ್ಕದ ಮನೆಯವರು ತುರು ಅನ್ನುತ್ತಾರೆ. ತೆಲುಗಿನವರು ತುಪ್ಪು ಅನ್ನುತ್ತಾರಂತೆ. ಮೂರಕ್ಕೂ ಮೊದಲ ಅಕ್ಷರ ಒಂದೇ ಎನ್ನುವುದು ನನಗೆ ಯಾವಾಗಲೂ ಕುತೂಹಲ.

ಇಂಥ ಊರಿಗೆ ಬಸ್ಸು ಬರುತ್ತದೆ, ಹೋಗುತ್ತದೆ. ಆದರೆ ಬಸ್ಸಿನ ಹೊತ್ತಿಗೆ ಹೆರಿಗೆ ನೋವು ಬರುವುದಿಲ್ಲ, ಹಾವು ಕಚ್ಚುವುದಿಲ್ಲ. ಬೆಟ್ಟದ ಜಾತ್ರೆಗೆ ಮುಡಿ ಕೊಡಲು ಹೊರಟ ಮನೆ ಮಂದಿ, ಹೆಣ್ಣು ನೋಡಲು ಹೊರಟವರು, ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟವರು, ಎಲ್ಲರಿಗೂ ಒಂದು ವ್ಯಾನು ಬೇಕು. ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವರು. ಮೊದಲು ಸೆಕೆಂಡ್ ಹ್ಯಾಂಡ್ ಮೆಟಡೋರ್, ಈಗ ಹಳದಿ ಬೋರ್ಡಿನ ಓಮ್ನಿ.

ಮೆಟಡೋರ್ ಅನ್ನುವ ಪದ ನಮ್ಮವರ ಬಾಯಲ್ಲಿ ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಅದು ಒಂದು ಕಂಪನಿಯ ಗಾಡಿಯ ಹೆಸರು ಎಂಬುದೇ ಮರೆತುಹೋಗಿದೆ. ಹ್ಯಾಂಬರ್ಗಿನ ಟೆಂಪೋ ಕಂಪನಿ 1949ರಲ್ಲಿ ಮೆಟಡೋರ್ ಎಂಬ ಹೆಸರಿನ ಪುಟ್ಟ ಸರಕು ಗಾಡಿ ತಂದಿತು. ನಮ್ಮಲ್ಲಿ 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಕಂಪನಿ ಮೊದಲು ಮೂರು ಗಾಲಿಯ ಟೆಂಪೋ ಮಾಡಿ, 1969ರಿಂದ ಮೆಟಡೋರ್ ಮಾಡತೊಡಗಿತು. ಆ ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಅಂತ ಬದಲಾಯಿತು. ಮೆಟಡೋರ್ ತಯಾರಿಕೆ ನಿಂತೇ ಎಷ್ಟೋ ವರ್ಷ ಆಯಿತು. ಆದರೂ ಇವತ್ತಿಗೂ ಹಳ್ಳಿಯಲ್ಲಿ ಯಾವುದೇ ದೊಡ್ಡ ವ್ಯಾನು ಬಂದರೂ ಅಜ್ಜಿಯರು "ಮೆಟಡೋರ್ ಬಂತು" ಅನ್ನುತ್ತಾರೆ. ಓಮ್ನಿಯ ಕಥೆ ಆಮೇಲಿನದು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂತು, 1988ರಲ್ಲಿ ಓಮ್ನಿ ಅನ್ನುವ ಹೆಸರಾಯಿತು, 796 ಸಿಸಿ ಎಂಜಿನ್ನು ಮುಂದಿನ ಸೀಟಿನ ಕೆಳಗೆ. 2019ರಲ್ಲಿ ಅದರ ತಯಾರಿಕೆಯೂ ನಿಂತಿತು. ಅಂದರೆ ಇವತ್ತು ರಸ್ತೆಯಲ್ಲಿರುವ ಪ್ರತಿಯೊಂದು ಮೆಟಡೋರೂ ಓಮ್ನಿಯೂ ಹಳೇ ಗಾಡಿಯೇ. ಇರುವುದನ್ನೇ ಉಳಿಸಿಕೊಳ್ಳಬೇಕು.

*

ಸರಿ, ತುಕ್ಕು ಅಲ್ಲೇ, ಗಾಜಿನ ಸುತ್ತಲೇ ಯಾಕೆ ಹಿಡಿಯುತ್ತದೆ?

ಮೋಟಾರು ಗಾಡಿಗಳ ಮೊದಲ ಕಾಲದಲ್ಲಿ ಈ ಸಮಸ್ಯೆ ಹೆಚ್ಚೇನೂ ಇರಲಿಲ್ಲ. ಆಗ ಬಾಡಿಯ ಒಳಗಿನ ಚೌಕಟ್ಟು ಮರದ್ದು, ಗಾಜಿಗೂ ಮರದ ಇಲ್ಲವೇ ಹಿತ್ತಾಳೆಯ ಚೌಕಟ್ಟು. ಸಾರೋಟು ಮಾಡುತ್ತಿದ್ದ ಬಡಗಿಗಳೇ ಕಾರಿನ ಬಾಡಿಯನ್ನೂ ಕಟ್ಟುತ್ತಿದ್ದರು. ಆಗ ಗೆದ್ದಲು, ಕೊಳೆತ ಇವೇ ತಲೆನೋವು. ಅಮೆರಿಕದ ಎಡ್ವರ್ಡ್ ಬಡ್ ಎಂಬವರ ಕಂಪನಿ 1914ರ ಹೊತ್ತಿಗೆ ಡಾಜ್ ಕಾರುಗಳಿಗೆ ಪೂರ್ತಿ ಉಕ್ಕಿನ ಬಾಡಿ ಒದಗಿಸತೊಡಗಿತು. ಅಲ್ಲಿಂದ ಮುಂದೆ ಎಲ್ಲ ಕಡೆಯೂ ತೆಳು ಉಕ್ಕಿನ ತಗಡೇ. ಅಂದರೆ ಗಾಜಿನ ಸುತ್ತಿನ ತುಕ್ಕಿಗೆ ಸುಮಾರು ನೂರು ವರ್ಷ ವಯಸ್ಸು.

ಗಾಜಿನದೇ ಬೇರೆ ಕಥೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬ ಕಲಾವಿದ, ರಸಾಯನ ಬಲ್ಲವನೂ ಹೌದು, ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಬುರುಡೆ ಬೀಳಿಸಿದನಂತೆ. ಅದು ಒಡೆಯಿತು, ಆದರೆ ಚೂರಾಗಿ ಚೆಲ್ಲಲಿಲ್ಲ. ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟಿನ ಪದರ ಚೂರುಗಳನ್ನು ಹಿಡಿದುಕೊಂಡಿತ್ತು. ಎರಡು ಗಾಜಿನ ನಡುವೆ ಒಂದು ಪದರ ಇಟ್ಟು ಮಾಡುವ ಲ್ಯಾಮಿನೇಟೆಡ್ ಗಾಜಿಗೆ 1909ರಲ್ಲಿ ಆತ ಪೇಟೆಂಟ್ ಪಡೆದ. ಇಂದು ನಮ್ಮ ಗಾಡಿಗಳ ಮುಂದೆ ಇರುವುದು ಆ ವಂಶದ ಗಾಜೇ.

ಉಕ್ಕಿನ ಬಾಡಿಗೆ ಗಾಜನ್ನು ಕೂರಿಸುವುದು ಹೇಗೆ? ಉಕ್ಕು ಬಾಗುತ್ತದೆ, ಗಾಜು ಬಾಗುವುದಿಲ್ಲ. ಎರಡರ ನಡುವೆ ಮೆತ್ತಗಿನದ್ದು ಏನಾದರೂ ಬೇಕು. ಅದಕ್ಕೇ ಎರಡೂ ಕಡೆ ಗಾಡಿ ಇರುವ ರಬ್ಬರ್ ಬೀಡಿಂಗ್ ಬಂತು. ಒಂದು ಗಾಡಿಯಲ್ಲಿ ಗಾಜು, ಇನ್ನೊಂದರಲ್ಲಿ ತಗಡಿನ ಅಂಚು. (ಇಲ್ಲಿ ಗಾಡಿ ಅಂದರೆ ಬಡಗಿಗಳು ಕೊರೆಯುವ ಗಾಡಿ, ಓಡುವ ಗಾಡಿ ಅಲ್ಲ!) ಮೆಟಡೋರ್, ಓಮ್ನಿ ಎರಡಕ್ಕೂ ಇದೇ ಪದ್ಧತಿ. 1970ರ ದಶಕದಿಂದೀಚೆಗೆ ಹೊಸ ಕಾರುಗಳಲ್ಲಿ ಗಾಜನ್ನು ಪಾಲಿಯುರಿಥೇನ್ ಅಂಟಿನಿಂದ ನೇರವಾಗಿ ಬಾಡಿಗೆ ಅಂಟಿಸುವ ಪದ್ಧತಿ ಬೆಳೆಯಿತು. ಅದರಲ್ಲಿ ಗಾಜೂ ಬಾಡಿಯ ಬಲದ ಒಂದು ಭಾಗವಾಗುತ್ತದೆ. ರಬ್ಬರಿನ ಪದ್ಧತಿಗೂ ಒಂದು ಒಳ್ಳೆಯ ಗುಣ ಉಂಟು. ಒಂದು ದಾರ, ಸೋಪಿನ ನೀರು, ಇಬ್ಬರು ಆಳು ಇದ್ದರೆ ಮರದ ನೆರಳಲ್ಲೇ ಗಾಜು ಬಿಚ್ಚಿ ಹಾಕಬಹುದು.

ಆದರೆ ರಬ್ಬರಿಗೆ ಆಯಸ್ಸು ಕಡಿಮೆ. ಬಿಸಿಲಿಗೆ ಗಟ್ಟಿಯಾಗಿ ಕುಗ್ಗುತ್ತದೆ, ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನಮ್ಮ ಹನೂರು ಕಡೆ ಮುಂಗಾರಿಗಿಂತ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ಜೋರು. ಬೇಸಿಗೆಯಿಡೀ ಹುಣಸೆ ಮರದ ಕೆಳಗೆ ನಿಂತ ಗಾಡಿಯ ಬೀಡಿಂಗಿನೊಳಗೆ ಕೆಂಪು ಧೂಳು, ಹುಣಸೆ ಎಲೆ ಸೇರಿಕೊಂಡಿರುತ್ತವೆ. ಮಳೆ ಬಂದಾಗ ಆ ಧೂಳು ಒದ್ದೆ ಬಟ್ಟೆಯ ಹಾಗೆ ನೀರನ್ನು ಹಿಡಿದುಕೊಳ್ಳುತ್ತದೆ. ಮೇಲೆ ಬಾನೆಟ್ಟು ಒಣಗಿ ಫಳಫಳ ಅನ್ನುತ್ತಿದ್ದರೂ ರಬ್ಬರಿನ ಕೆಳಗೆ ವಾರಗಟ್ಟಲೆ ತೇವ.

ಇನ್ನೊಂದು ವಿಚಿತ್ರ ಇದೆ. ಗಾಳಿ ಹೆಚ್ಚು ಸಿಗುವ ಕಡೆ ತುಕ್ಕು ಹೆಚ್ಚು ಅಂತ ನಾವೆಲ್ಲ ತಿಳಿದಿರುತ್ತೇವೆ. 1920ರ ದಶಕದಲ್ಲಿ ಕೇಂಬ್ರಿಡ್ಜಿನ ಯು. ಆರ್. ಇವಾನ್ಸ್ ಕಬ್ಬಿಣದ ಮೇಲೆ ಒಂದು ಹನಿ ಉಪ್ಪು ನೀರು ಇಟ್ಟು ನೋಡಿದರು. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಚೆನ್ನಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಆದರೆ ಕಬ್ಬಿಣ ಕರಗಿದ್ದು ನಡುವೆ! ಗಾಳಿ ಸಿಗದ ಜಾಗ ಕರಗುತ್ತದೆ, ಗಾಳಿ ಸಿಗುವ ಜಾಗ ಉಳಿದುಕೊಳ್ಳುತ್ತದೆ. ಒಂದು ಹನಿಯೇ ಪುಟ್ಟ ಬ್ಯಾಟರಿಯಾಗಿ ಕೆಲಸ ಮಾಡುತ್ತದೆ. ಬೀಡಿಂಗಿನ ಕೆಳಗೂ ನಡೆಯುವುದು ಇದೇ. ಕಣ್ಣಿಗೆ ಕಾಣುವ ಅಂಚಿಗಿಂತ ಕಾಣದ ಮಡಿಕೆಯಲ್ಲೇ ತಗಡು ಬೇಗ ತಿಂದುಹೋಗುತ್ತದೆ. ಮೇಲೆ ಬಣ್ಣದ ಒಂದು ಗುಳ್ಳೆ ಎದ್ದಿದೆ ಅಂದರೆ ಒಳಗೆ ಕೆಲಸ ಎಷ್ಟೋ ಮುಂದೆ ಹೋಗಿದೆ ಅಂತಲೇ ಅರ್ಥ. ಜೊತೆಗೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಉಬ್ಬಿದ ತುಕ್ಕು ರಬ್ಬರನ್ನು ಎತ್ತುತ್ತದೆ, ಇನ್ನಷ್ಟು ನೀರು ಒಳಗೆ ಬರುತ್ತದೆ. ಕೆಲವೊಮ್ಮೆ ಕಲ್ಲೂ ತಾಗದೆ, ಏಟೂ ಬೀಳದೆ ಮೂಲೆಯಿಂದ ಗಾಜು ಸೀಳುವುದುಂಟು. ಅದು ಎಷ್ಟೋ ಸಲ ಈ ತುಕ್ಕಿನ ಒತ್ತಡ.

*

ಮಾವನ ಮೆಟಡೋರ್ ಸತ್ತದ್ದು ಹೀಗೇ.

1990ರ ದಶಕದ ಮೊದಲ ವರ್ಷಗಳು. ಆ ಕಾಲದ ಈ ಸೀಮೆಯ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ವೀರಪ್ಪನ್ ತಂಡದ ದಾಳಿ. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರ ಹತ್ಯೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಸಂಜೆಯ ಮೇಲೆ ಗಾಡಿ ತೆಗೆಯಲು ಯಾರಿಗೂ ಧೈರ್ಯ ಇರಲಿಲ್ಲ ಅಂತ ಮಾವ ಹೇಳುತ್ತಾರೆ. ಗಾಡಿ ರಿಪೇರಿಗೆ ಅಂತ ಬೆಳಗ್ಗೆ ಪೇಟೆಗೆ ಹೋದರೆ ಕತ್ತಲಾಗುವುದರೊಳಗೆ ಊರು ಸೇರಬೇಕು. ಅಷ್ಟರೊಳಗೆ ಮುಗಿಯುವ ಕೆಲಸ ಒಂದೇ, ಪುಟ್ಟಿ. ತುಕ್ಕನ್ನು ಮೇಲಿಂದ ಮೇಲೆ ಕೆರೆದು, ಪುಟ್ಟಿ ಮೆತ್ತಿ, ಉಪ್ಪು ಕಾಗದ ಹಾಕಿ ಉಜ್ಜಿ, ಬಣ್ಣ ಹೊಡೆದು ಕಳಿಸುವುದು. ಎಫ್‌ಸಿಗೆ ಹೋದಾಗ ಗಾಡಿ ಮದುಮಗನ ಹಾಗೆ ಕಾಣುತ್ತಿತ್ತು. ಹೀಗೆ ಪ್ರತಿ ಎಫ್‌ಸಿಗೂ ಒಂದು ಪದರ.

ಕೊನೆಗೆ ಒಂದು ದಿನ ಗಾಜಿನ ಎಡಗಡೆ ಕಂಬದ ಬುಡಕ್ಕೆ ಸ್ಕ್ರೂ ಡ್ರೈವರ್ ಒತ್ತಿದರೆ ಅದು ಹಿಡಿಯವರೆಗೂ ಒಳಗೆ ಹೋಯಿತಂತೆ. ಕಂಬವೇ ಇರಲಿಲ್ಲ, ಕಂಬದ ಆಕಾರದ ಪುಟ್ಟಿ ಇತ್ತು. ಎಂಜಿನ್ನು ಇನ್ನೂ ಗಟ್ಟಿ ಇತ್ತು. ಆದರೂ ಆ ಗಾಡಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ನಮ್ಮತ್ತೆ ಅದಕ್ಕೆ ಕೊನೆಯ ಸಲ ಅರಿಶಿನ ಕುಂಕುಮ ಇಟ್ಟು ಕಳಿಸಿದರು ಅಂತ ಅಮ್ಮ ಈಗಲೂ ನೆನೆಯುತ್ತಾಳೆ. ಮೇಲೆ ಮೂರು ವರ್ಷ ಮಾವ ಬೇರೆಯವರ ಗಾಡಿಗೆ ಡ್ರೈವರಾಗಿ ದುಡಿದರು.

ಆದ್ದರಿಂದಲೇ ಕಳೆದ ಚಳಿಗಾಲದಲ್ಲಿ ಓಮ್ನಿಯ ಗಾಜಿನ ಕೆಳಗಿನ ಮೂಲೆಯಲ್ಲಿ ನೆಲಗಡಲೆ ಗಾತ್ರದ ಎರಡು ಗುಳ್ಳೆ ಕಂಡಾಗ ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಿಂದೊಮ್ಮೆ ಕಲ್ಲು ಸಿಡಿದು ಗಾಜು ಒಡೆದಾಗ ಪೇಟೆಯ ಯಾವುದೋ ಅಂಗಡಿಯಲ್ಲಿ ಅವಸರದಲ್ಲಿ ಬದಲಿಸಿದ್ದರು. ಹಳೇ ರಬ್ಬರ್ ಕೊಯ್ಯುವಾಗ ಚಾಕು ತಗಡಿನ ಅಂಚಿನ ಬಣ್ಣವನ್ನೂ ಗೀರಿತ್ತು. ಅಷ್ಟು ಸಾಕು.

ಇಲ್ಲಿ ಹೊಸ ಗಾಡಿಗಳ ಬಗ್ಗೆಯೂ ಒಂದು ಮಾತು. 1960ರ ದಶಕದಲ್ಲಿ ಫೋರ್ಡ್ ಕಂಪನಿಯಲ್ಲಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಪ್ರೈಮರ್ ಕೂರಿಸುವ ವಿಧಾನ ಶುರುವಾಯಿತು. 1970ರ ದಶಕದ ನಂತರ ಅದು ಇನ್ನೂ ಸುಧಾರಿಸಿತು. ವಿದ್ಯುತ್ತು ಬಣ್ಣವನ್ನು ಮಡಿಕೆಗಳ ಒಳಗೂ ಎಳೆದುಕೊಂಡು ಹೋಗುತ್ತದೆ. ಸಿಂಪಡಿಸುವ ಕಾಲದಲ್ಲಿ ಮಡಿಕೆಯೊಳಗಿನ ತಗಡು ಎಷ್ಟೋ ಸಲ ಬೆತ್ತಲೆಯಾಗಿಯೇ ಉಳಿಯುತ್ತಿತ್ತು. ಆದರೆ ಎಂಥ ಒಳ್ಳೆಯ ಪದರವಾದರೂ ಚಾಕುವಿನ ಒಂದು ಗೀರು ತಡೆಯುವುದಿಲ್ಲ.

*

ಈಗ ಚರಿತ್ರೆಯ ದೊಡ್ಡ ಮಾತಿಗೆ ಬರೋಣ. ಮನುಷ್ಯ ತುಕ್ಕನ್ನು ಗೆದ್ದದ್ದು ಹೇಗೆ?

ಹೂಗ್ಯಂನ ಸುತ್ತಲ ಸೀಮೆಯೇ ಕಬ್ಬಿಣದ ಸೀಮೆ. ನಮ್ಮ ಗಡಿಯಾಚೆ ಈರೋಡ್ ಕಡೆಯ ಕೊಡುಮಣಲ್‌ನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಬ್ಬಿಣ, ಉಕ್ಕಿನ ಕುಲುಮೆಗಳು ಉತ್ಖನನದಲ್ಲಿ ಸಿಕ್ಕಿವೆ. ಕಾವೇರಿಯ ಆ ಕಡೆ ಸೇಲಂನ ಕಂಜಮಲೆಯ ಅದಿರು ಪ್ರಸಿದ್ಧ. 1830ರ ದಶಕದಲ್ಲಿ ಜೆ. ಎಂ. ಹೀತ್ ಎಂಬ ಇಂಗ್ಲಿಷಿನವನು ಪೋರ್ಟೊ ನೋವೊದಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿ ಸೇಲಂ ಸೀಮೆಯ ಅದಿರು ತರಿಸುತ್ತಿದ್ದ. ಇತ್ತ ನಮ್ಮ ಮೈಸೂರು ಸಂಸ್ಥಾನದಲ್ಲಿ 1923ರಲ್ಲಿ ಭದ್ರಾವತಿ ಕಾರ್ಖಾನೆ ಕಬ್ಬಿಣ ಕೊಡತೊಡಗಿತು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕನ್ನು ಸೇಲಂನ ಸರ್ಕಾರಿ ಕಾರ್ಖಾನೆ 1980ರ ದಶಕದ ಆರಂಭದಿಂದ ತಯಾರಿಸುತ್ತಿದೆ. ಆದರೆ ವ್ಯಾನಿನ ಬಾಡಿಗೆ ಅದು ದುಬಾರಿ. ಆದ್ದರಿಂದ ತುಕ್ಕಿನ ಜೊತೆ ಬದುಕುವುದು ತಪ್ಪಲಿಲ್ಲ.

ದೆಹಲಿಯ ಕಬ್ಬಿಣದ ಕಂಬ ಎಲ್ಲರಿಗೂ ಗೊತ್ತು. ಸುಮಾರು 7 ಮೀಟರ್ ಎತ್ತರ, 6 ಟನ್ನಿಗೂ ಹೆಚ್ಚು ತೂಕ, 1600 ವರ್ಷದಿಂದ ಬಿಸಿಲು ಮಳೆಗೆ ನಿಂತಿದೆ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣಿಯಂ ಅದರ ಮೇಲ್ಮೈಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಆ ಕಬ್ಬಿಣದಲ್ಲಿ ರಂಜಕ ಹೆಚ್ಚು. ಕುಲುಮೆಗೆ ಸುಣ್ಣ ಹಾಕದೆ ಕರಗಿಸುತ್ತಿದ್ದುದರಿಂದ ಅದಿರಿನ ರಂಜಕ ಕಬ್ಬಿಣದಲ್ಲೇ ಉಳಿಯುತ್ತಿತ್ತು. ಕಂಬಕ್ಕೂ ಮೊದಲು ತುಕ್ಕು ಹಿಡಿಯಿತು. ಆದರೆ ತುಕ್ಕು ಮತ್ತು ಕಬ್ಬಿಣದ ನಡುವೆ ನಿಧಾನವಾಗಿ ರಂಜಕದ ಲವಣದ ತೆಳು ಪದರ ಕಟ್ಟಿಕೊಂಡು, ಅದು ಮುಂದಿನ ತುಕ್ಕನ್ನು ತಡೆಯಿತು ಎನ್ನುವುದು ಅವರ ವಿವರಣೆ. ಕಂಬವನ್ನು ತುಕ್ಕು ಮುಟ್ಟಲೇ ಇಲ್ಲ ಅನ್ನುವ ಮಾತು ಸರಿಯಲ್ಲ. ಮುಟ್ಟಿತು, ಅಲ್ಲೇ ಪಳಗಿತು.

ನಮ್ಮ ಕರ್ನಾಟಕದಲ್ಲೂ ಇಂಥದೊಂದು ಕಂಬ ಇದೆ. ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿಯ ಮುಂದೆ. ಮಲೆನಾಡಿನ ಆ ಮಳೆಯಲ್ಲಿ, ಆ ಮಂಜಿನಲ್ಲಿ ನಿಂತಿರುವ ಕಬ್ಬಿಣ! ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ 1990ರ ದಶಕದಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಚಾರಣಕ್ಕೆ ಹೋದವರು ಸೂರ್ಯಾಸ್ತದ ಫೋಟೋ ತೆಗೆಯುವ ಮುಂಚೆ ಆ ಕಂಬದ ಮುಂದೆ ಒಂದು ನಿಮಿಷ ನಿಂತು ಬನ್ನಿ.

ಇದೇ ರಂಜಕ ಆಧುನಿಕ ಕಾಲಕ್ಕೆ ಬೇರೆ ದಾರಿಯಲ್ಲಿ ಬಂತು. 1906ರಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದಲ್ಲಿ ಕಾಯಿಸಿ ತುಕ್ಕು ತಡೆಯುವ ಪದರ ಕೂರಿಸುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಕಾರ್ಖಾನೆಯಲ್ಲಿ ಬಾಡಿಗೆ ಬಣ್ಣ ಹೊಡೆಯುವ ಮುಂಚೆ ಮಾಡುವ ಫಾಸ್ಫೇಟಿಂಗ್ ಬೆಳೆದದ್ದು ಇಲ್ಲಿಂದ. ಬಣ್ಣದ ಅಂಗಡಿಯಲ್ಲಿ ಸಿಗುವ ಎಷ್ಟೋ ರಸ್ಟ್ ಕನ್ವರ್ಟರ್‌ಗಳಲ್ಲೂ ಫಾಸ್ಫಾರಿಕ್ ಆಮ್ಲವೇ ಮುಖ್ಯ.

ಇನ್ನು ಕೆಲವು ಕನ್ವರ್ಟರ್‌ಗಳಲ್ಲಿ ಇರುವುದು ಟ್ಯಾನಿನ್. ಇಲ್ಲಿ ಹೂಗ್ಯಂನ ಕಾಡು ಬರುತ್ತದೆ ನೋಡಿ. ಟ್ಯಾನಿನ್ ಅಂದರೆ ಅಳಲೆಕಾಯಿಯ ಒಗರು. ಈ ಬೆಟ್ಟಗಳಲ್ಲಿ ಸೋಲಿಗರು ತಲೆತಲಾಂತರದಿಂದ ನೆಲ್ಲಿ, ಸೀಗೆ, ಜೇನಿನ ಜೊತೆ ಆರಿಸುತ್ತಾ ಬಂದದ್ದು ಅಳಲೆಕಾಯಿ. ಚರ್ಮ ಹದ ಮಾಡಲು ಅದು ಬೇಕಿತ್ತು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟು, ಹಾಕಿದರೆ ಕಡುಕಪ್ಪು ಬಣ್ಣ ಬರುತ್ತದೆ. ಬಟ್ಟೆಗೆ ಬಣ್ಣ ಹಾಕಲು, ಶಾಯಿ ಮಾಡಲು ನಮ್ಮ ಹಿರಿಯರು ಬಳಸುತ್ತಿದ್ದುದು ಇದನ್ನೇ. ಯುರೋಪಿನವರು ಓಕ್ ಮರದ ಗಂಟುಕಾಯಿಯಿಂದ ಮಾಡಿದ ಶಾಯಿಯೂ ಇದೇ ಜಾತಿಯದು. ತುಕ್ಕಿನ ಮೇಲೆ ಟ್ಯಾನಿನ್ ಹಚ್ಚಿದಾಗ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುವುದೂ ಅದೇ ರಸಾಯನ. ಸಂಗ್ರಹಾಲಯದವರು ಹಳೇ ಕತ್ತಿ, ಫಿರಂಗಿಗಳಿಗೂ ಟ್ಯಾನಿಕ್ ಆಮ್ಲ ಹಚ್ಚುತ್ತಾರೆ. ಹಾಗಂತ ಅಳಲೆಕಾಯಿ ಜಜ್ಜಿ ವ್ಯಾನಿಗೆ ಹಚ್ಚಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು!

ಮೂರನೆಯದು ರೆಡ್ ಆಕ್ಸೈಡ್. ಗೇಟಿಗೆ, ಕಿಟಕಿ ಸರಳಿಗೆ ಬಳಿಯುವ ಆ ಕೆಂಪು ಬಣ್ಣ ಏನೆಂದುಕೊಂಡಿರಿ? ಅದರ ಕೆಂಪೇ ಕಬ್ಬಿಣದ ಆಕ್ಸೈಡು. ನಮ್ಮ ಕೆಮ್ಮಣ್ಣಿನ ಕೆಂಪು, ಕಾವಿಕಲ್ಲಿನ ಕೆಂಪು ಅದೇ. ಆಮ್ಲಜನಕ ಸೇರಿ ಶಾಂತವಾಗಿ ಕುಳಿತ ಕಬ್ಬಿಣ, ಇನ್ನು ತುಕ್ಕು ಹಿಡಿಯಲು ಅದರಲ್ಲಿ ಏನೂ ಉಳಿದಿಲ್ಲ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ತುಕ್ಕನ್ನು ಯಾರೂ ಗೆದ್ದಿಲ್ಲ. ಅದನ್ನು ಪಳಗಿಸಿ ಕಾವಲಿಗೆ ಕೂರಿಸಿದ್ದಾರೆ. ಆದರೆ ಈ ಕಾವಲು ಕೆಲಸ ಮಾಡಬೇಕಾದರೆ ಪದರ ನೇರವಾಗಿ ಗಟ್ಟಿ ಕಬ್ಬಿಣದ ಮೇಲೆ ಕೂರಬೇಕು. ಸಡಿಲ ತುಕ್ಕಿನ ಮೇಲೆ ಹಾಕಿದ ಪುಟ್ಟಿ ಕಾವಲಾಗುವುದಿಲ್ಲ, ಮುಸುಕಾಗುತ್ತದೆ. ಮಾವನ ಮೆಟಡೋರಿಗೆ ಆದದ್ದು ಅದೇ.

*

ಮಾವ ಓಮ್ನಿಯನ್ನು ತಂದು ನಿಲ್ಲಿಸಿದ ಟಿಂಕರಿಂಗ್ ಮೇಸ್ತ್ರಿ ಹಳಬ. ಗಾಡಿ ಸುತ್ತ ಒಂದು ಸುತ್ತು ಹೊಡೆದು, ಬೆರಳ ಗೆಣ್ಣಿನಿಂದ ಗಾಜಿನ ಕೆಳಗಿನ ತಗಡನ್ನು ಕುಟ್ಟುತ್ತಾ ಬಂದ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಬದ್ ಅನ್ನುತ್ತದೆ. ಎಡ ಮೂಲೆಯಲ್ಲಿ ಬದ್ ಅಂದಿತು.

"ಮ್ಯಾಲ ಚೆನ್ನಾಗದ ಅಣ್ಣ, ಒಳಗ ಲಡ್ಡಾಗದ. ಪುಟ್ಟಿ ಹಾಕದ್ರ ಸಂಜಕ್ಕ ಒಯ್ಯಿ. ಬಿಚ್ಚದ್ರ ಎಂಟು ದಿನ ಬುಡ್ಬೇಕು" ಅಂದ.

ಎಂಟು ದಿನ! ಶಿವರಾತ್ರಿಗೆ ಹತ್ತು ದಿನ ಉಳಿದಿತ್ತು. ಬೆಟ್ಟದ ಜಾತ್ರೆಯ ಬಾಡಿಗೆ ಅಂದರೆ ಮಾವನಿಗೆ ಎರಡು ತಿಂಗಳ ಮನೆ ಖರ್ಚು. ಮೇಸ್ತ್ರಿಯ ಎಂಟು ದಿನ ಹತ್ತಾಗಬಹುದು, ಹನ್ನೆರಡಾಗಬಹುದು. ನಾನು ಸುಮ್ಮನೆ ನಿಂತಿದ್ದೆ. ದುಡಿಯುವವರು ಅವರು, ಸಲಹೆ ಕೊಡಲು ನಾನ್ಯಾರು? ಮಾವ ಬೀಡಿ ಹಚ್ಚಿ, ಅರ್ಧ ಸೇದಿ, ಆರಿಸಿದರು.

"ಬಿಚ್ಚಪ್ಪ. ಈ ಗಾಡಿಲಿ ಬಸುರೇರ್ನ ಕೂರಿಸ್ಕ ಹೋಯ್ತಿನಿ ನಾನು" ಅಂದರು. ಅಷ್ಟೇ.

ಮುಂದೆ ನಡೆದ ಕೆಲಸವನ್ನು ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಮೊದಲು ವೈಪರ್ ತೋಳು ತೆಗೆದು, ಹಳೇ ರಬ್ಬರನ್ನು ಗಾಜಿನ ಕಡೆಯಿಂದ ಕೊಯ್ದರು, ತಗಡಿನ ಕಡೆಯಿಂದ ಅಲ್ಲ. ಗಾಜನ್ನು ಇಬ್ಬರು ಹಿಡಿದು ಗೋಣಿಚೀಲದ ಮೇಲೆ ಇಟ್ಟರು. ತಗಡಿನ ಅಂಚು ಬಯಲಾಯಿತು. ಎಡ ಮೂಲೆಯಲ್ಲಿ ಅಂಗೈ ಅಗಲ ತಗಡು ಬಿಸ್ಕತ್ತಿನ ಹಾಗೆ ಪದರ ಪದರವಾಗಿ ಉದುರಿತು. ಬಲ ಮೂಲೆಯಲ್ಲಿ ಬರೀ ಮೇಲಿನ ತುಕ್ಕು, ತಗಡು ಗಟ್ಟಿ ಇತ್ತು.

ಎಡ ಮೂಲೆಯಲ್ಲಿ ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿದರು. ಅಷ್ಟೇ ದಪ್ಪದ ಹೊಸ ತಗಡನ್ನು ಬಡಿದು ಬಾಗಿಸಿ, ಒಂದೊಂದೇ ಚುಕ್ಕಿ ಬೆಸುಗೆ ಹಾಕಿ, ನಡುವೆ ಆರಲು ಬಿಡುತ್ತಾ ಕೂರಿಸಿದರು. ಒಂದೇ ಸಮ ಬೆಸೆದರೆ ಕಾದ ತಗಡು ಸೊಟ್ಟಗಾಗಿ ಆಮೇಲೆ ಗಾಜು ಕೂರುವುದಿಲ್ಲ. ಬಲಗಡೆ ತಂತಿ ಬ್ರಷ್ಷಿನಲ್ಲಿ ಸಡಿಲ ತುಕ್ಕೆಲ್ಲ ತೆಗೆದು, ಗುಳಿಗಳಲ್ಲಿ ಉಳಿದದ್ದಕ್ಕೆ ಮಾತ್ರ ಕನ್ವರ್ಟರ್ ಹಚ್ಚಿ ಕಪ್ಪಾಗಲು ಬಿಟ್ಟರು. ಉಳಿದ ಆಮ್ಲವನ್ನು ಒರೆಸಿ ಒಣಗಿಸದಿದ್ದರೆ ಮೇಲಿನ ಬಣ್ಣ ಏಳುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್. ಬರೀ ರೆಡ್ ಆಕ್ಸೈಡ್ ಪ್ರೈಮರ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ಮೇಲೆ ಬೇಗ ಬಣ್ಣ ಬೀಳಲೇಬೇಕು. ಬೆಸುಗೆಯ ಸಂದಿಗೆ ಸೀಲರ್, ಅದರ ಮೇಲೆ ಬಣ್ಣ. ಪುಟ್ಟಿ ಬಂದದ್ದು ಕೊನೆಗೆ, ಗಟ್ಟಿ ತಗಡಿನ ಮೇಲೆ, ಉಗುರಿನಷ್ಟು ತೆಳ್ಳಗೆ.

ಬಣ್ಣ ಪೂರ್ತಿ ಒಣಗಲು ಮೂರು ದಿನ ಬಿಟ್ಟರು. ಎಲ್ಲರೂ ಅವಸರ ಮಾಡುವುದು ಇಲ್ಲೇ. ಕೊನೆಗೆ ಹೊಸ ಬೀಡಿಂಗನ್ನು ಗಾಜಿನ ಸುತ್ತ ತೊಡಿಸಿ, ಹೊರಗಿನ ಸಂದಿಯೊಳಗೆ ಗಟ್ಟಿ ದಾರ ಸುತ್ತಿ, ಸೋಪಿನ ನೀರು ಸವರಿ ಹೊರಗಿನಿಂದ ಒತ್ತಿದರು. ಒಳಗೆ ಕೂತವನು ದಾರ ಎಳೆಯುತ್ತಾ ಹೋದ ಹಾಗೆ ರಬ್ಬರಿನ ತುಟಿ ತಗಡಿನ ಅಂಚಿನ ಮೇಲೆ ಮಗುಚಿಕೊಂಡು ಕೂತಿತು. ನೋಡಲು ಬಲು ಚೆಂದ. ಎರಡು ಕೊಡ ನೀರು ಹೊಯ್ದು ಒಳಗೆ ಹನಿ ಬರುತ್ತದಾ ಅಂತ ಬೆರಳಾಡಿಸಿ ನೋಡಿದರು. ಬರಲಿಲ್ಲ. ಹಳೇ ಎಂಜಿನ್ ಆಯಿಲ್ ಸವರುವ ಅಭ್ಯಾಸ ಕೆಲವರಿಗಿದೆ, ಮೇಸ್ತ್ರಿ ಬೇಡ ಅಂದ. ಆಯಿಲ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ.

ಒಟ್ಟು ಹನ್ನೊಂದು ದಿನ ಆಯಿತು. ಜಾತ್ರೆ ಮುಗಿದಿತ್ತು. ಮಾವ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅತ್ತೆ ಮಾತ್ರ ನಾಲ್ಕು ದಿನ ಗೊಣಗಿದರು.

*

ಈ ವರ್ಷದ ಎಫ್‌ಸಿ ಆಯಿತು. ಬಾಡಿಗೆ ಗಾಡಿಗಳಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು. 2022ರ ಏಪ್ರಿಲಿನಿಂದ ಹದಿನೈದು ದಾಟಿದ ಗಾಡಿಗಳಿಗೆ ಶುಲ್ಕವನ್ನೂ ಬಹಳ ಏರಿಸಿದರು. ಹಳೇ ಗಾಡಿಗಳನ್ನು ಗುಜರಿಗೆ ಕಳಿಸುವ ನೀತಿ 2021ರಲ್ಲೇ ಬಂದಿದೆ. ಹೊಗೆಯ ದೃಷ್ಟಿಯಿಂದ, ಸುರಕ್ಷತೆಯ ದೃಷ್ಟಿಯಿಂದ ಅದರಲ್ಲಿ ನ್ಯಾಯವಿದೆ. ಕಂಬದ ಜಾಗದಲ್ಲಿ ಪುಟ್ಟಿ ಇರುವ ಗಾಡಿ ರಸ್ತೆಯಲ್ಲಿ ಇರಲೇಬಾರದು. ಆದರೆ ಅಂಥ ಗಾಡಿಯನ್ನೂ ಮಾವನ ಗಾಡಿಯನ್ನೂ ಬೇರೆ ಮಾಡಿ ತೋರಿಸುವುದು ವಯಸ್ಸಲ್ಲ, ಬೀಡಿಂಗಿನ ಕೆಳಗಿನ ತಗಡು. ಅದನ್ನು ಓದಬಲ್ಲವನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವ ಆ ಮೇಸ್ತ್ರಿ. ಅವನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿದ್ದಾನಂತೆ. ಅಂಗಡಿಯಲ್ಲಿ ಈಗ ಕಲಿಯುವ ಹುಡುಗರಿಲ್ಲ.

ಭದ್ರಾವತಿಯ ಕಾರ್ಖಾನೆಯ ಬಗ್ಗೆ ಪುಸ್ತಕಗಳಿವೆ, ದೆಹಲಿಯ ಕಂಬದ ಬಗ್ಗೆ ಗ್ರಂಥಗಳೇ ಇವೆ. ನಮ್ಮೂರುಗಳ ಟಿಂಕರಿಂಗ್ ಅಂಗಡಿಗಳ ಬಗ್ಗೆ ಬರೆದಿಟ್ಟವರನ್ನು ನಾನು ಕಂಡಿಲ್ಲ. ನಿಮ್ಮೂರ ಮೇಸ್ತ್ರಿಗಳು ಗಾಜು ಹೇಗೆ ಕೂರಿಸುತ್ತಿದ್ದರು, ತುಕ್ಕಿಗೆ ಏನು ಹಚ್ಚುತ್ತಿದ್ದರು, ತುಕ್ಕಿನ ಬಗೆಬಗೆಗೆ ಏನೇನು ಹೆಸರಿಟ್ಟಿದ್ದರು ಎಂಬುದು ನಿಮಗೆ ಗೊತ್ತಿದ್ದರೆ ದಯವಿಟ್ಟು ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆಯಿರಿ. ಮತ್ತೆ ಸೆಪ್ಟೆಂಬರಿನ ಮಳೆಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು, ನಿಮ್ಮ ಹಳೇ ಗಾಡಿಯ ಬೀಡಿಂಗಿನ ಕೆಳಗಿನ ಮೂಲೆಗಳಿಂದ ಆ ಎಲೆ, ಧೂಳು ತೆಗೆದು ಹಾಕಿ. ಒಂದು ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು.